ಮಗುವನ್ನು ಕಳುಹಿಸಿಕೊಟ್ಟು ಅತ್ತ ತಾಯಿಗೆ: ಸಂಪಾದಕರ ಉತ್ತರ

ಮಾನ್ಯ ಸಹೋದರಿಯವರೇ,

ಕಳೆದ ಸಂಚಿಕೆಯಲ್ಲಿ ಕ್ರೈಸ್ತ ಮಕ್ಕಳ ಮನೆಯೊಂದರ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ನೀವು ಬರೆದ ಪತ್ರ ಕೈಸೇರಿದೆ. ಹೆಸರನ್ನೂ ಊರನ್ನೂ ಅಚ್ಚು ಹಾಕಬೇಡಿರೆಂದು ಕೇಳಿಕೊಂಡಿದ್ದೀರಿ, ಹಾಗೆಯೇ ಆಗಲಿ. ಓದುಗರಿಗೆ ವಿಷಯ ತಿಳಿಯಲೆಂದು ಪತ್ರದ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ನೀವೂ ನಿಮ್ಮ ಯಜಮಾನರೂ 16 ವರ್ಷಗಳಿಂದ ಕ್ರೈಸ್ತ ಸಭೆಯೊಂದರ (ಚರ್ಚಿನ) ಮಕ್ಕಳ ಮನೆಯನ್ನು ನಡೆಸುತ್ತಿದ್ದೀರಿ. ಈಗ ಅಲ್ಲಿ 28 ಮಕ್ಕಳಿದ್ದಾರೆ. ನಮ್ಮ ಲೇಖನದಲ್ಲಿ ಮಕ್ಕಳ ನಗುವೂ ಹಾಡೂ ಇದ್ದವು, ಆದರೆ ನಡುರಾತ್ರಿ ಎದ್ದು ಒದ್ದೆಯಾದ ಹಾಸಿಗೆ ಬದಲಿಸುವವರು ಎಲ್ಲಿಯೂ ಕಾಣಲಿಲ್ಲ ಎಂದು ಆಕ್ಷೇಪಿಸಿದ್ದೀರಿ. ನಾಲ್ಕರ ವಯಸ್ಸಿನಲ್ಲಿ ನಿಮ್ಮ ಮಡಿಲಿಗೆ ಬಂದ ಹುಡುಗನನ್ನು ಅವನ ಹತ್ತನೆಯ ವಯಸ್ಸಿನಲ್ಲಿ ಚಿಕ್ಕಮ್ಮ ಬಂದು ಕರೆದುಕೊಂಡು ಹೋದಾಗ ಮೂರು ದಿನ ಅತ್ತಿರೆಂದೂ, ಸಂತೋಷಪಡಬೇಕಾದ ಹೊತ್ತಿನಲ್ಲಿ ಅಳುವುದೇಕೆಂದು ಮನೆಯ ಆಡಳಿತ ಸಮಿತಿಯ ಹಿರಿಯರೊಬ್ಬರು ಕೇಳಿದರೆಂದೂ ಬರೆದಿದ್ದೀರಿ. ಮಕ್ಕಳ ಫೋಟೊ ಹಾಕಿ ಹಣ ಕೇಳಬಹುದೇ, ಇಂಥ ಮನೆಗಳಿಂದ ಮಕ್ಕಳಿಗೆ ಹಾನಿಯೇ ಹೆಚ್ಚೆಂಬ ಮಾತು ನಿಜವೇ, ದಣಿವಾಗಿದೆ ಎಂದರೆ ಅದು ವಿಶ್ವಾಸದ ಕೊರತೆಯೇ ಎಂದು ಕೇಳಿದ್ದೀರಿ.

ಮೊದಲಿಗೆ ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆ ಲೇಖನಕ್ಕಾಗಿ ನಾವು ಹೋದದ್ದು ಒಂದು ಹಬ್ಬದ ಸಂಜೆ. ಸಾಲಾಗಿ ನಿಂತು ಹಾಡಿದ ಮಕ್ಕಳನ್ನು ನೋಡಿದೆವು, ಊಟ ಮಾಡಿದೆವು, ಹೊರಟು ಬಂದೆವು. ಯಾವ ಮನೆಯೂ ಹಬ್ಬದ ಸಂಜೆಯಲ್ಲಿ ತನ್ನ ನಿಜವನ್ನು ತೋರುವುದಿಲ್ಲ ಎಂಬುದು ನನಗೆ ತಿಳಿದಿರಬೇಕಿತ್ತು, ಏಕೆಂದರೆ ಯೌವನದಲ್ಲಿ ಎರಡು ವರ್ಷ ನಾನು ಇಂಥದೊಂದು ಮನೆಯಲ್ಲಿ ಮಕ್ಕಳಿಗೆ ಸಂಜೆಯ ಪಾಠ ಹೇಳಿಕೊಡುತ್ತಿದ್ದೆ. ಅಲ್ಲಿ ಎಂಟು ವರ್ಷದ ಹುಡುಗನೊಬ್ಬ ಪ್ರತಿದಿನ ಊಟದಲ್ಲಿ ಒಂದು ಪಾಲನ್ನು ಮಡಚಿ ಜೇಬಿಗಿಳಿಸಿ ರಾತ್ರಿ ದಿಂಬಿನಡಿಯಲ್ಲಿ ಇಟ್ಟುಕೊಳ್ಳುತ್ತಿದ್ದ. ಇರುವೆ ಮುತ್ತುತ್ತವೆಂದು ಉಳಿದ ಮಕ್ಕಳು ದೂರುತ್ತಿದ್ದರು. ಆ ಮನೆಯ ಪಾಲಕಿ ಅವನನ್ನು ಒಮ್ಮೆಯೂ ಗದರಿಸಲಿಲ್ಲ. ಮುಚ್ಚಳವಿರುವ ಒಂದು ಡಬ್ಬಿಯನ್ನು ತಂದುಕೊಟ್ಟು, "ಇದರಲ್ಲಿಡು, ಬೆಳಗಾದ ಮೇಲೂ ಇರುತ್ತದೆ" ಎಂದರು. ಸುಮಾರು ಏಳು ತಿಂಗಳು ಆ ಡಬ್ಬಿ ಅವನ ತಲೆಯ ಬಳಿಯೇ ಇತ್ತು. ಒಂದು ದಿನ ಅದರಲ್ಲಿ ಬಣ್ಣದ ಪೆನ್ಸಿಲ್‌ಗಳಿದ್ದವು. ನಾಳೆಯೂ ಊಟ ಸಿಗುತ್ತದೆ ಎಂಬುದನ್ನು ಒಂದು ಮಗು ನಂಬಲು ಏಳು ತಿಂಗಳು ಬೇಕಾಯಿತು ಎಂಬುದನ್ನು ನಾನು ಇಂದಿಗೂ ಮರೆತಿಲ್ಲ. ಆ ಪೆನ್ಸಿಲ್‌ಗಳನ್ನು ಕಂಡ ದಿನ ಪಾಲಕಿಯವರ ಮುಖದಲ್ಲಿ ಮೂಡಿದ ಸಂತೋಷವನ್ನು ಯಾವ ವಾರ್ಷಿಕೋತ್ಸವದಲ್ಲಿಯೂ ನಾನು ನೋಡಿಲ್ಲ. ನಿಮ್ಮ ಕೆಲಸದ ಸುಖವೆಂದರೆ ಇದೇ ಇರಬೇಕು: ತೀರ ಸಣ್ಣದು, ತಡವಾಗಿ ಬರುವುದು, ಹೊರಗಿನಿಂದ ಬಂದವರ ಕಣ್ಣಿಗೆ ಬೀಳದ್ದು.

ಇನ್ನು ನಿಮ್ಮ ಅಳುವಿನ ವಿಷಯ. ಹಿರಿಯರ ಆ ಪ್ರಶ್ನೆಯನ್ನು ಓದಿ ನನಗೆ ನೋವಾಯಿತು. ಆರು ವರ್ಷ ಜ್ವರ ಬಂದಾಗಲೆಲ್ಲ ಹಣೆ ಮುಟ್ಟಿ ನೋಡಿದ ಕೈ, ಮಗು ಹೋದ ಮೇಲೂ ರಾತ್ರಿ ಆ ಹಾಸಿಗೆಯತ್ತ ಚಾಚುವುದು ಸಹಜ. ಆ ಹುಡುಗನನ್ನು ಹಿಡಿದಿಟ್ಟುಕೊಳ್ಳಲು ನೀವು ಯತ್ನಿಸಲಿಲ್ಲ. ಬಟ್ಟೆ ಜೋಡಿಸಿ, ಅವನು ಬರೆದ ಚಿತ್ರಗಳಲ್ಲಿ ಕೆಲವನ್ನು ಪೆಟ್ಟಿಗೆಯಲ್ಲಿಟ್ಟು, ಬಾಗಿಲವರೆಗೆ ಬಂದು ಕಳುಹಿಸಿಕೊಟ್ಟಿರಿ. ಅನಂತರ ಅತ್ತಿರಿ. ಇದರಲ್ಲಿ ತಪ್ಪು ಎಲ್ಲಿದೆ? ಮಕ್ಕಳು ಹೋದಾಗ ಯಾರೂ ಅಳದ ಮನೆಯ ಬಗ್ಗೆಯೇ ನನಗೆ ಹೆಚ್ಚು ಆತಂಕವಾಗುತ್ತದೆ. ನನ್ನ ಮಟ್ಟಿಗೆ ನಿಮ್ಮ ಸೇವೆಯ ಸುಖವೂ ಸಂಕಟವೂ ಒಂದೇ ಕಡೆಯಿಂದ ಹುಟ್ಟುತ್ತವೆ. ಬೇರೆಯವರ ಮಗುವನ್ನು ಸ್ವಂತ ಮಗುವಿನಂತೆ ಪ್ರೀತಿಸಬೇಕು, ಆದರೆ ಅದು ತನ್ನವರ ಬಳಿಗೆ ಹೋಗುವ ದಾರಿಯನ್ನು ದಿನವೂ ತೆರೆದಿಡಬೇಕು. ಎರಡನ್ನೂ ಒಟ್ಟಿಗೆ ಮಾಡುವವರಿಗೆ ನೋವು ತಪ್ಪಿದ್ದಲ್ಲ.

ಕ್ರೈಸ್ತ ಬೋಧಕ ಜಾರ್ಜ್ ಮ್ಯೂಲರ್ ಅವರ ದಿನಚರಿಯ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥ ಹೆಣ್ಣುಮಕ್ಕಳಿಗಾಗಿ ಮೊದಲ ಮನೆಯನ್ನು ತೆರೆಯುವ ಮುನ್ನ ಅವರು ಹಣಕ್ಕಾಗಿ, ಕಟ್ಟಡಕ್ಕಾಗಿ, ಸಹಾಯಕರಿಗಾಗಿ, ಮೇಜು ಕುರ್ಚಿಗಳಿಗಾಗಿ ಸಹ ಪ್ರಾರ್ಥಿಸಿದ್ದರು. ಅರ್ಜಿ ಸ್ವೀಕರಿಸಲು ಗೊತ್ತುಮಾಡಿದ ದಿನ ಬಂದು ಕುಳಿತರೆ ಒಂದು ಅರ್ಜಿಯೂ ಬರಲಿಲ್ಲ. ಎಲ್ಲವನ್ನೂ ಕೇಳಿದ ತಾನು ಮಕ್ಕಳಿಗಾಗಿ ಮಾತ್ರ ಪ್ರಾರ್ಥಿಸಿರಲಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಇಂದಿಗೂ ನಮ್ಮ ಸಭೆಗಳಲ್ಲಿ ಮಕ್ಕಳ ಮನೆ ಎಂದೊಡನೆ ಮೊದಲು ಕಣ್ಣಿಗೆ ಕಟ್ಟುವುದು ಕಟ್ಟಡ, ಶಿಲಾನ್ಯಾಸ, ಹಾಸಿಗೆಗಳ ಸಂಖ್ಯೆ. ಮಗು ಬರುವುದು ಕೊನೆಗೆ. ಒಮ್ಮೆ ಕಟ್ಟಡ ಎದ್ದು ನಿಂತಿತೆಂದರೆ ಅದನ್ನು ತುಂಬಿಸಬೇಕೆಂಬ ಒತ್ತಡ ತಾನಾಗಿಯೇ ಬರುತ್ತದೆ. ಹಾನಿ ಶುರುವಾಗುವುದು ಅಲ್ಲಿಂದ ಎಂದು ನಾನು ತಿಳಿದಿದ್ದೇನೆ.

ಹಾನಿಯ ಮಾತಿಗೆ ನೇರವಾಗಿ ಉತ್ತರಿಸಬೇಕೆಂದರೆ, ಅದರಲ್ಲಿ ಬಹಳಷ್ಟು ಸತ್ಯವಿದೆ ಮತ್ತು ಕ್ರೈಸ್ತರಾದ ನಾವು ಅದನ್ನು ತಲೆತಗ್ಗಿಸಿ ಕೇಳಿಸಿಕೊಳ್ಳಬೇಕು. 1869ರಿಂದ ಮುಂದಿನ ಹಲವು ದಶಕಗಳಲ್ಲಿ ಬ್ರಿಟನ್ನಿನಿಂದ ಸುಮಾರು ಒಂದು ಲಕ್ಷ ಮಕ್ಕಳನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳುಹಿಸಲಾಯಿತು. ಕಳುಹಿಸಿದ ಸಂಸ್ಥೆಗಳಲ್ಲಿ ಕ್ರೈಸ್ತ ಮಕ್ಕಳ ಮನೆಗಳೂ ಇದ್ದವು. ಆ ಮಕ್ಕಳಲ್ಲಿ ಅನೇಕರಿಗೆ ತಂದೆಯೋ ತಾಯಿಯೋ ಬದುಕಿದ್ದರು, ಎಷ್ಟೋ ಅಣ್ಣತಮ್ಮಂದಿರು, ಅಕ್ಕತಂಗಿಯರು ಬೇರೆ ಬೇರೆ ಹೊಲಗಳಲ್ಲಿ ದುಡಿಯುತ್ತ ಒಬ್ಬರನ್ನೊಬ್ಬರು ಕಳೆದುಕೊಂಡರು. ಕಳುಹಿಸಿದವರಲ್ಲಿ ಹೆಚ್ಚಿನವರು ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ನಂಬಿದ್ದರು. ಮಕ್ಕಳನ್ನು ಹೀಗೆ ಹೊರದೇಶಗಳಿಗೆ ಸಾಗಿಸಿದ್ದಕ್ಕಾಗಿ ಬ್ರಿಟಿಷ್ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಒಳ್ಳೆಯ ಮನಸ್ಸೊಂದೇ ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಆರಂಭವಾದ ಅಧ್ಯಯನವನ್ನೂ ನೀವು ತಿಳಿದಿರಬೇಕು. ಸರ್ಕಾರಿ ಶಿಶುಗೃಹಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಪೋಷಕ ಕುಟುಂಬಗಳಿಗೆ ಒಪ್ಪಿಸಿ, ಉಳಿದವರೊಂದಿಗೆ ಅವರ ಬೆಳವಣಿಗೆಯನ್ನು ವರ್ಷಗಟ್ಟಲೆ ಹೋಲಿಸಿ ನೋಡಿದರು. ಕುಟುಂಬ ಸೇರಿದ ಮಕ್ಕಳ ಬುದ್ಧಿ, ಮಾತು, ಬಾಂಧವ್ಯ ಎಲ್ಲವೂ ಚೇತರಿಸಿಕೊಂಡವು. ಸುಮಾರು ಎರಡು ವರ್ಷ ತುಂಬುವುದರೊಳಗೆ ಸೇರಿದವರಲ್ಲಿ ಚೇತರಿಕೆ ಹೆಚ್ಚಾಗಿತ್ತು. ಅಲ್ಲಿಯ ಶಿಶುಗೃಹಗಳಲ್ಲಿ ಮಕ್ಕಳು ಹೆಚ್ಚು, ನೋಡಿಕೊಳ್ಳುವವರು ಕಡಿಮೆ, ಪಾಳಿಗೊಬ್ಬರಂತೆ ಮುಖಗಳು ಬದಲಾಗುತ್ತಿದ್ದವು. ನಿಮ್ಮ ಮನೆ ಅಂಥದ್ದಲ್ಲ ಎಂಬುದು ಪತ್ರದಿಂದಲೇ ತಿಳಿಯುತ್ತದೆ. ಆದರೂ ಅದರ ಪಾಠ ನಿಮಗೂ ಸಲ್ಲುತ್ತದೆ: ಹಾಲುಗಲ್ಲದ ಕೂಸುಗಳನ್ನು ಮಕ್ಕಳ ಮನೆಗೆ ಸೇರಿಸಿಕೊಳ್ಳದೆ ಅವರಿಗೆ ಕುಟುಂಬ ಹುಡುಕಿಕೊಡುವುದೇ ಸರಿ. ವಿಶ್ವಸಂಸ್ಥೆ 2009ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ. ಬಡತನವೊಂದೇ ಕಾರಣವಾಗಿ ಮಗುವನ್ನು ತಂದೆತಾಯಿಯಿಂದ ಬೇರ್ಪಡಿಸಬಾರದು, ಒಡಹುಟ್ಟಿದವರನ್ನು ಅಗಲಿಸಬಾರದು ಎಂದೂ ಹೇಳುತ್ತವೆ. ದೇವರು ಒಬ್ಬೊಂಟಿಗರನ್ನು ಸಂಸಾರದೊಳಗೆ ನೆಲೆಗೊಳಿಸುತ್ತಾನೆ ಎಂದು ಬೈಬಲಿನ 68ನೆಯ ಕೀರ್ತನೆ ಅದಕ್ಕೂ ಎಷ್ಟೋ ಶತಮಾನ ಮೊದಲೇ ಹಾಡಿದೆ.

ಮ್ಯೂಲರ್ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಇಂದು ಮಕ್ಕಳ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ. ಆದ್ದರಿಂದ ಹೊಸ ಮಗು ಬಾಗಿಲಿಗೆ ಬಂದಾಗ "ಇಲ್ಲಿ ಜಾಗವಿದೆಯೇ" ಎಂದು ನೋಡುವುದಕ್ಕಿಂತ ಮುಂಚೆ, ಅದನ್ನು ಸಾಕಲು ತಗಲುವ ಹಣವನ್ನೇ ಆ ತಾಯಿಯ ಕೈಗಿತ್ತರೆ ಮಗು ಅವಳ ಬಳಿಯೇ ಉಳಿದೀತೇ ಎಂದು ಕೇಳಿನೋಡಿ. ಉಳಿಯುವುದಾದರೆ ನಿಮ್ಮ ಮನೆಯ ಹಾಸಿಗೆಯೊಂದು ಖಾಲಿಯಿರಲಿ. ಎಲ್ಲಿಯೂ ನೆಲೆ ಸಿಗದ, ಮನೆಯೇ ಅಪಾಯದ ಜಾಗವಾಗಿರುವ, ಮೂವರು ಒಡಹುಟ್ಟಿದವರನ್ನು ಒಟ್ಟಿಗೆ ಯಾರೂ ಸಾಕಲೊಪ್ಪದ ಮಕ್ಕಳಿಗೆ ನಿಮ್ಮಂಥವರ ಮನೆ ಬೇಕೇಬೇಕು. ಈ ಕಾರಣಕ್ಕಾಗಿಯೇ, ಮನೆಯನ್ನು ಮುಚ್ಚಿಬಿಡಿ ಎನ್ನುವವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ.

ಫೋಟೊಗಳ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ಬೇಡ. ಲಂಡನ್ನಿನ ಬೀದಿಮಕ್ಕಳಿಗಾಗಿ ದುಡಿದ ಥಾಮಸ್ ಬರ್ನಾರ್ಡೊ ಅವರು ಮನೆಗೆ ಬರುವ ಮುಂಚೆ ಮಗು ಹೀಗಿತ್ತು, ಬಂದ ಮೇಲೆ ಹೀಗಾಯಿತು ಎಂದು ಜೋಡಿ ಚಿತ್ರಗಳನ್ನು ಅಚ್ಚು ಹಾಕಿಸಿ ಮಾರುತ್ತಿದ್ದರು. ಅವರ ಮೇಲಿನ ಆರೋಪಗಳನ್ನು 1877ರಲ್ಲಿ ಪಂಚಾಯಿತರು ವಿಚಾರಿಸಿದಾಗ ಹೆಚ್ಚಿನವು ಬಿದ್ದುಹೋದವು, ಆದರೆ ಆ ಚಿತ್ರಗಳಲ್ಲಿ ಕೆಲವು ಕೃತಕವಾಗಿ ಜೋಡಿಸಿದವು ಎಂಬ ಆಕ್ಷೇಪಣೆ ಮಾತ್ರ ನಿಂತಿತು. ಹರಕು ಬಟ್ಟೆಯಲ್ಲಿ ನಿಂತ ಮಗು ಮುಂದೆ ದೊಡ್ಡವನಾಗುತ್ತಾನೆ, ಕೆಲಸಕ್ಕೆ ಸೇರುತ್ತಾನೆ, ಮದುವೆಯಾಗುತ್ತಾನೆ. ಆ ಚಿತ್ರ ಮಾತ್ರ ಹಾಗೆಯೇ ಉಳಿದಿರುತ್ತದೆ. ಖರ್ಚಿನ ಲೆಕ್ಕವನ್ನು ಪ್ರಕಟಿಸಿ, ಛಾವಣಿ ಸೋರುತ್ತಿದ್ದರೆ ಛಾವಣಿಯ ಚಿತ್ರ ಹಾಕಿ. ಮ್ಯೂಲರ್ ಯಾರ ಬಳಿಯೂ ನೇರವಾಗಿ ಹಣ ಕೇಳಲಿಲ್ಲ, ಆದರೆ ಬಂದ ಚಿಕ್ಕ ಕಾಣಿಕೆಗೂ ವರದಿಯಲ್ಲಿ ಲೆಕ್ಕ ಕೊಟ್ಟರು. ಕೇಳದೆ ಇರುವುದನ್ನು ಅನುಕರಿಸುವುದು ಎಲ್ಲರಿಂದ ಆಗಲಿಕ್ಕಿಲ್ಲ. ಲೆಕ್ಕ ಕೊಡುವುದನ್ನು ಅನುಕರಿಸಲು ಯಾವ ಅಡ್ಡಿಯೂ ಇಲ್ಲ.

ನೀವು ಕೇಳದಿದ್ದರೂ ಇನ್ನೊಂದು ಮಾತನ್ನು ಸೇರಿಸುತ್ತೇನೆ. ಸಂಜೆಯ ಪ್ರಾರ್ಥನೆಗೆ ಬರಲೊಲ್ಲದ ದೊಡ್ಡ ಹುಡುಗಿಯೊಬ್ಬಳ ಬಗ್ಗೆ ಪತ್ರದ ನಡುವೆ ಬೇಸರದಿಂದ ಬರೆದಿದ್ದೀರಿ. ಅವಳನ್ನು ಬಲವಂತ ಮಾಡಬೇಡಿ. ಅನ್ನ ಹಾಕಿದ್ದಕ್ಕೆ ಬದಲಾಗಿ ಮಗುವಿನಿಂದ ಭಕ್ತಿಯನ್ನು ಬಾಡಿಗೆಯಂತೆ ವಸೂಲು ಮಾಡಬಾರದು. ಮಕ್ಕಳನ್ನು ತಡೆಯಬೇಡಿರೆಂದು ಶಿಷ್ಯರನ್ನು ಗದರಿಸಿದ ಕರ್ತನಾದ ಯೇಸು ಆ ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದನು. ಅದಕ್ಕೆ ಮುನ್ನ ಅವರಿಂದ ಏನನ್ನೂ ಕೇಳಲಿಲ್ಲ. ನೀವು ಪ್ರಾರ್ಥಿಸುವುದನ್ನು ಅವಳು ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುತ್ತಾಳೆ, ಮರುದಿನ ನೀವು ಅಡುಗೆಯವರೊಂದಿಗೆ ಹೇಗೆ ಮಾತಾಡುತ್ತೀರೆಂಬುದನ್ನೂ ನೋಡುತ್ತಾಳೆ. ಅಷ್ಟು ಸಾಕು.

ಈಗ ದಣಿವು. ಬೈಬಲಿನ ಪ್ರವಾದಿ ಎಲೀಯನು ಮರದ ಕೆಳಗೆ ಕುಳಿತು ಸಾಕಾಯಿತೆಂದು ಸಾವನ್ನೇ ಬೇಡಿದಾಗ ದೇವರು ಅವನಿಗೆ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟು, ಎಬ್ಬಿಸಿ ಉಣ್ಣಿಸಿ, ಮತ್ತೆ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಉಣ್ಣಿಸಿದನು. ಮಾತು ಬಂದದ್ದು ಅದಾದ ಮೇಲೆ. 16 ವರ್ಷಗಳಲ್ಲಿ ನೀವಿಬ್ಬರೂ ಒಟ್ಟಾಗಿ ಆ ಮನೆಯಿಂದ ಹೊರಗೆ ಮಲಗಿದ ರಾತ್ರಿಗಳು ಒಂಬತ್ತೋ ಹತ್ತೋ ಎಂದು ಬರೆದಿದ್ದೀರಿ. ಇದನ್ನು ವಿಶ್ವಾಸದ ಕೊರತೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕೊರತೆಯಿರುವುದು ಸಮಿತಿಯ ಏರ್ಪಾಟಿನಲ್ಲಿ. ನಿಮ್ಮ ಪ್ರಾರ್ಥನಾ ಜೀವನದಲ್ಲಿ ಅದನ್ನು ಹುಡುಕಬೇಡಿ. ಈ ಪತ್ರಿಕೆಯನ್ನು ಸಮಿತಿಯವರೂ ಓದುತ್ತಾರೆಂದು ತಿಳಿಸಿದ್ದೀರಿ, ಆದ್ದರಿಂದ ಅವರಿಗೂ ಹೇಳುತ್ತೇನೆ: ಮಕ್ಕಳಿಗೆ ಈಗಾಗಲೇ ಪರಿಚಯವಿರುವ ಮೂರನೆಯ ಪಾಲಕರೊಬ್ಬರನ್ನು ಸಂಬಳ ಕೊಟ್ಟು ನೇಮಿಸಿರಿ, ವಾರಕ್ಕೊಂದು ಪೂರ್ಣ ದಿನ, ವರ್ಷಕ್ಕೊಂದು ತಿಂಗಳು ಈ ದಂಪತಿಗಳಿಗೆ ಬಿಡುವು ಕೊಡಿರಿ, ಹೊಸ ಕಟ್ಟಡದ ಯೋಚನೆಯನ್ನು ಅದಾದ ಮೇಲೆ ಮಾಡಿರಿ. ಇವರು ಕುಸಿದು ಬಿದ್ದರೆ 28 ಮಕ್ಕಳು ಎರಡನೆಯ ಸಲ ತಂದೆತಾಯಿಯನ್ನು ಕಳೆದುಕೊಂಡಂತಾಗುತ್ತದೆ.

ತಮಿಳುನಾಡಿನ ದೋಹನಾವೂರಿನಲ್ಲಿ ನೂರಾರು ಮಕ್ಕಳಿಗೆ ಅಮ್ಮ ಎನಿಸಿಕೊಂಡ ಮಿಷನರಿ ಏಮಿ ಕಾರ್ಮೈಕಲ್ 1931ರಲ್ಲಿ ಬಿದ್ದು ಗಾಯಗೊಂಡ ಮೇಲೆ 1951ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚಿನ ಕಾಲವನ್ನು ತಮ್ಮ ಕೋಣೆಯಲ್ಲೇ ಕಳೆಯಬೇಕಾಯಿತು. ಆ 20 ವರ್ಷ ಮನೆ ನಡೆದದ್ದು ಬೇರೆಯವರ ಕೈಗಳಿಂದ, ಅವರಲ್ಲಿ ಅದೇ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳೂ ಇದ್ದರು. ನೀವು ಬಿದ್ದು ಮಲಗುವವರೆಗೆ ಕಾಯದೆ, ಕೈ ಗಟ್ಟಿಯಿರುವಾಗಲೇ ಆ ಕೈಗಳನ್ನು ತಯಾರು ಮಾಡಿಕೊಳ್ಳಿ.

ಕೊನೆಯಲ್ಲಿ, ಪತ್ರದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದ ಪ್ರಶ್ನೆ: "ಅವನನ್ನು ಹೋಗಿ ನೋಡಿ ಬರಲೇ?" ಖಂಡಿತ ಹೋಗಿ. ಮೊದಲು ಚಿಕ್ಕಮ್ಮನವರ ಅನುಮತಿ ಕೇಳಿ, ಅವರಿಗೆ ಅನುಕೂಲವಾದ ದಿನವನ್ನೇ ಗೊತ್ತುಮಾಡಿಕೊಳ್ಳಿ. ಅವನ ಮುಂದೆ ಅವರ ಬಗ್ಗೆ ಎರಡು ಒಳ್ಳೆಯ ಮಾತಾಡಿ. ಪೆಟ್ಟಿಗೆಯಲ್ಲಿ ಹಿಡಿಸದೆ ನಿಮ್ಮಲ್ಲೇ ಉಳಿದ ಚಿತ್ರಗಳಿವೆಯೆಂದು ಬರೆದಿದ್ದೀರಲ್ಲ, ಅವನ್ನು ಒಯ್ದುಕೊಡಿ. ಒಂದನ್ನು ಮಾತ್ರ ಅವನನ್ನು ಕೇಳಿ ನೀವು ಇಟ್ಟುಕೊಳ್ಳಿ.

ಸಂಪಾದಕ