ಆಟಿಸಂ ಇರುವ ಮಕ್ಕಳ ಜೊತೆ ಬೆಂಗಳೂರಿನಲ್ಲಿ ದಿನ ಹೇಗೆ ಕಳೆಯುತ್ತೀರಿ?

ನಿಮ್ಮ ಮಗನಿಗೆ ಮೂರು ವರ್ಷ. ಹೋದ ವಾರ ಆಟಿಸಂ ಅಂತ ಹೇಳಿದ್ದಾರೆ. ಮಾತು ಬರುತ್ತಾ, ಮುಂದೆ ದಿನಗಳು ಹೇಗಿರುತ್ತವೆ, ಮನೆಯಲ್ಲಿ ನಗು ಅನ್ನೋದು ಉಳಿಯುತ್ತಾ ಅಂತ ಕೇಳಿದ್ದೀರಿ. ನನಗೆ ಇಬ್ಬರು ಮಕ್ಕಳು. ಮಗನಿಗೆ ಒಂಬತ್ತು, ಮಗಳಿಗೆ ಆರೂವರೆ. ಇಬ್ಬರಿಗೂ ಆಟಿಸಂ ಇದೆ. ಮನೆ ಯಲಚೇನಹಳ್ಳಿ ಹತ್ತಿರ. ನಗು ಬೇಕಾದಷ್ಟಿದೆ. ನಿದ್ದೆಯದ್ದೇ ಕಷ್ಟ.

ಇವತ್ತು ಬೆಳಗಿನದ್ದೇ ಹೇಳುತ್ತೇನೆ. ಮಗನಿಗೆ ಕುಕ್ಕರ್ ಕೂಗಿದರೆ ಆಗುವುದಿಲ್ಲ. ಕೂಗುವುದಕ್ಕೆ ಮೊದಲು ಸುಯ್ ಅನ್ನುತ್ತದಲ್ಲ, ಅಷ್ಟಕ್ಕೇ ಕಿವಿ ಮುಚ್ಚಿಕೊಂಡು ಬಚ್ಚಲುಮನೆಗೆ ಓಡುತ್ತಾನೆ. ಮಗಳಿಗೆ ಕುಕ್ಕರ್ ಅಂದರೆ ಪ್ರಾಣ. ಎದುರು ನಿಂತು, ಕೈ ಬಡಿದು, ಒಂದೊಂದೇ ಕೂಗು ಎಣಿಸುತ್ತಾಳೆ. ಐದು ಆಗಲೇಬೇಕು. ಅದಕ್ಕೇ ನಮ್ಮ ಮನೆಯಲ್ಲಿ ಬೇಳೆ ಬೇಯುವುದು ಬೆಳಗಿನ ಐದೂವರೆಗೆ, ಮಗ ಮಲಗಿರುವ ರೂಮಿನ ಬಾಗಿಲ ಸಂದಿಗೆ ಹಳೇ ಪಂಚೆ ತುರುಕಿದ ಮೇಲೆ. ಇವತ್ತು ಯಾವುದೋ ಯೋಚನೆಯಲ್ಲಿ ನಾಲ್ಕಕ್ಕೇ ಆರಿಸಿಬಿಟ್ಟೆ. ಐದನೆಯದನ್ನು ಅವಳೇ ಕೂಗಿದಳು. ಪಕ್ಕದ ಮನೆಯವರೂ ಎದ್ದರು.

ಅವನಿಗೆ ಸದ್ದು, ಬೆಳಕು, ಅಂಗಿಯ ಹೊಲಿಗೆ, ಎಲ್ಲವೂ ಜಾಸ್ತಿ ತಾಗುತ್ತದೆ. ಇವಳಿಗೆ ಎಷ್ಟಾದರೂ ಸಾಲದು. ಅಕ್ಕಿ ಡಬ್ಬಕ್ಕೆ ಮೊಣಕೈವರೆಗೆ ಕೈ ಇಳಿಸಿಕೊಂಡು ಅರ್ಧ ಗಂಟೆ ಕೂರುತ್ತಾಳೆ. ಎರಡಕ್ಕೂ ಆಟಿಸಂ ಅಂತಲೇ ಹೆಸರು. ಹಾಗಾಗಿ ನನ್ನ ಮಗನಿಗೆ ಆಗಿಬಂದದ್ದು ನಿಮ್ಮ ಮಗನಿಗೂ ಆಗುತ್ತದೆ ಅಂತ ನಾನು ಹೇಳಲಾರೆ. ನನ್ನ ಮಗಳಿಗೇ ಆಗಲಿಲ್ಲ.

ಮಾತಿನ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ. ನಾವು ದೊಡ್ಡ ತಪ್ಪು ಮಾಡಿದ್ದು ಅಲ್ಲೇ.

ಮಗನಿಗೆ ಮೂರು ತುಂಬಿದರೂ ಮಾತಿರಲಿಲ್ಲ. "ಇವರಪ್ಪನೂ ತಡವಾಗೇ ಮಾತಾಡಿದ್ದು ಕಣಮ್ಮ" ಅಂತ ನಮ್ಮತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. 2019ರಲ್ಲಿ ಆಟಿಸಂ ಅಂತ ಗೊತ್ತಾಯಿತು. ವಾರಕ್ಕೆ ಮೂರು ಸಲ ಥೆರಪಿ, ಒಂದು ಸಲಕ್ಕೆ 900 ರೂಪಾಯಿ. ನಾನು ಗಾರ್ಮೆಂಟ್ಸ್ ಆಫೀಸಿನ ಅಕೌಂಟ್ಸ್ ಕೆಲಸ ಬಿಟ್ಟದ್ದೂ ಅದೇ ವರ್ಷ. ಆ ಸೆಂಟರಿನಲ್ಲಿ ಒಂದು ಮಾತು ಹೇಳಿದರು: ಮನೆಯಲ್ಲಿ ಒಂದೇ ಭಾಷೆ ಇರಲಿ, ಇಂಗ್ಲಿಷೇ ಇರಲಿ, ನಾಳೆ ಸ್ಕೂಲಿಗೂ ಅದೇ ಬೇಕಲ್ವಾ? ನಾವು ಹೂಂ ಅಂದೆವು.

ಎಂಟು ತಿಂಗಳು ಮನೆಯಲ್ಲಿ ಇಂಗ್ಲಿಷ್ ನಡೆಯಿತು. ನನ್ನದು ಆಫೀಸಿನ ಇಂಗ್ಲಿಷ್. ಲೆಡ್ಜರ್ ಬಗ್ಗೆ ಮಾತಾಡಬಲ್ಲೆ, ಮಗುವನ್ನು ಮುದ್ದು ಮಾಡುವುದಕ್ಕೆ ಅದರಲ್ಲಿ ಒಂದು ಪದವೂ ಸಿಗುತ್ತಿರಲಿಲ್ಲ. ಅತ್ತೆಗೆ ಇಂಗ್ಲಿಷ್ ಬರುವುದೇ ಇಲ್ಲ. ತಾವು ಬಾಯಿ ಬಿಟ್ಟರೆ ಮೊಮ್ಮಗನಿಗೆ ಕೆಟ್ಟದಾಗುತ್ತದೆ ಅಂತ ಅವರು ಅವನೆದುರು ಮಾತೇ ಬಿಟ್ಟರು. ಇನ್ನೊಂದು ಚೂರು ಸಾರು ಬೇಕಾದರೂ ಕೈಸನ್ನೆ. ಆ ದಿನಗಳನ್ನು ನೆನೆಸಿಕೊಂಡರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಎರಡು ಭಾಷೆ ಕೇಳಿಸಿಕೊಂಡರೆ ಆಟಿಸಂ ಇರುವ ಮಕ್ಕಳ ಮಾತು ಇನ್ನೂ ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಇದರ ಬಗ್ಗೆ ಹಲವು ಅಧ್ಯಯನಗಳು ಆಗಿವೆ. ನಮಗೆ ಅದನ್ನು ಹೇಳಿದ್ದು ಆಮೇಲೆ ಸಿಕ್ಕ ಸ್ಪೀಚ್ ಥೆರಪಿಸ್ಟ್. "ನಿಮಗೆ ಯಾವ ಭಾಷೆಯಲ್ಲಿ ಜಗಳ ಆಡೋಕೆ ಬರುತ್ತೋ ಅದರಲ್ಲೇ ಮಗು ಹತ್ತಿರ ಮಾತಾಡಿ" ಅಂದರು. ಅವತ್ತು ಸಂಜೆ ಅತ್ತೆ ಎಂಟು ತಿಂಗಳಿನದೆಲ್ಲ ಸೇರಿಸಿ ಮಾತಾಡಿದರು.

ಇಷ್ಟರ ನಡುವೆ ಮಗನ ಮೊದಲ ಮಾತು ಬಂದಿತ್ತು. ಅಮ್ಮ ಅಂತಲ್ಲ, ಅಪ್ಪ ಅಂತಲೂ ಅಲ್ಲ. "ಮುಂದಿನ ನಿಲ್ದಾಣ."

ಯಜಮಾನರಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ. ಹೋಗಿಬರುವುದು ಮೆಟ್ರೋದ ಹಸಿರು ಮಾರ್ಗದಲ್ಲಿ. ಭಾನುವಾರ ಮಗನನ್ನೂ ಸುಮ್ನೆ ಒಂದು ಸುತ್ತು ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಮೆಟ್ರೋದ ಕನ್ನಡ ದನಿ ನಿರೂಪಕಿ ಅಪರ್ಣಾ ಅವರದು, ಗೊತ್ತಲ್ಲ. ಅದೇ ಏರಿಳಿತ, ಅದೇ ಬಿಡಿಸಿಟ್ಟ ಹಾಗೆ ಮಾತು, ಎಲ್ಲವೂ ನನ್ನ ಮಗನ ಬಾಯಲ್ಲಿ ಬಂತು. ನಮ್ಮ ಮನೆಯಲ್ಲಿ ಬೇರೆ ಯಾರೂ "ಳ"ಕಾರವನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಆದರೆ ನಾವು ಸಂತೋಷಪಡಲಿಲ್ಲ. ರಿಪೋರ್ಟಿನಲ್ಲಿ ಅದಕ್ಕೊಂದು ಹೆಸರಿತ್ತು, ಎಕೋಲೇಲಿಯಾ. ಕೇಳಿದ್ದನ್ನೇ ಹಾಗೇ ಒಪ್ಪಿಸುವುದು. ಇದು ಮಾತಲ್ಲ, ಬಿಡಿಸಬೇಕಾದ ಅಭ್ಯಾಸ ಅಂದುಕೊಂಡೆವು. ಅವನು ಶುರು ಮಾಡಿದರೆ ನಾನು "ಸಾಕು, ಸುಮ್ನಿರು" ಅನ್ನುತ್ತಿದ್ದೆ.

ಆಮೇಲೆ ಜಯನಗರದ ಛತ್ರದಲ್ಲಿ ನೆಂಟರ ಮದುವೆ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಮಗ ಶುರು ಮಾಡಿದ: "ಮುಂದಿನ ನಿಲ್ದಾಣ ಆರ್.ವಿ. ರೋಡ್." ಅಕ್ಕಪಕ್ಕ ಕೂತವರಿಗೆ ಖುಷಿಯೋ ಖುಷಿ. "ಎಷ್ಟು ಮುದ್ದಾಗಿ ಹೇಳ್ತಾನೆ! ಇನ್ನೊಂದ್ಸಲ ಹೇಳೋ ಪುಟ್ಟಾ" ಅಂದರು. ಅವನು ಹೇಳುತ್ತಲೇ ಹೋದ. ದನಿ ಏರುತ್ತಾ ಹೋಯಿತು. ಅಷ್ಟರಲ್ಲಿ ಗಟ್ಟಿಮೇಳ ಅಂದರು, ಓಲಗ ಜೋರಾಯಿತು, ಇವನು ನೆಲಕ್ಕೆ ಬಿದ್ದು ತಲೆ ಚಚ್ಚಿಕೊಂಡ. ಹಿಂದಿನಿಂದ ಯಾರೋ "ಮಕ್ಕಳಿಗೆ ಇಷ್ಟು ಹಠ ಇರಬಾರದು" ಅಂದರು. ಹಠ ಮಾಡುವ ಮಗು ಒಂದು ಕಣ್ಣಲ್ಲಿ ನಿಮ್ಮನ್ನು ನೋಡುತ್ತಿರುತ್ತದೆ, ಕೇಳಿದ್ದು ಕೊಟ್ಟರೆ ನಿಲ್ಲಿಸುತ್ತದೆ. ಇದು ಮೆಲ್ಟ್‌ಡೌನ್, ತಡೆದುಕೊಳ್ಳಲಾಗದೆ ಕುಸಿಯುವುದು. ಇಲ್ಲಿ ಕೊಟ್ಟು ನಿಲ್ಲಿಸುವಂಥದ್ದು ಏನೂ ಇರುವುದಿಲ್ಲ. ಸದ್ದಿಲ್ಲದ ಕಡೆ ಕರೆದುಕೊಂಡು ಹೋಗಿ, ಪೆಟ್ಟಾಗದ ಹಾಗೆ ನೋಡಿಕೊಂಡು, ಅದು ಇಳಿಯುವವರೆಗೆ ಜೊತೆಗಿರಬೇಕು ಅಷ್ಟೆ.

ಊಟ ಮಾಡದೆ ಆಟೋ ಹತ್ತಿದೆವು. ಯಜಮಾನರು ಬನಶಂಕರಿ ದಾಟುವವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದರು: "ಜಯನಗರದಿಂದ ನಮ್ಮ ಮನೆ ಕಡೆ ಹೊರಟರೆ ಮುಂದಿನ ಸ್ಟೇಷನ್ ಆರ್.ವಿ. ರೋಡೇ ಕಣೇ. ಮನೆಗೆ ಹೋಗೋಣ ಅಂತ ಕೇಳ್ತಿದ್ದ ಅವನು."

ಕಡಿಮೆ ಅಂದರೂ ಇಪ್ಪತ್ತು ಸಲ ಕೇಳಿದ್ದ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಯಾವ ಸಾಲು, ಎಲ್ಲಿ ಹೇಳಿದ, ಅದಕ್ಕೆ ಮೊದಲು ಏನಾಗಿತ್ತು. ಮೆಜೆಸ್ಟಿಕ್ ಅಂದರೆ ಜನ ಜಾಸ್ತಿಯಾಯಿತು ಅಂತ. ಬಾಗಿಲಿನಿಂದ ದೂರ ಇರಲು ಹೇಳುವ ಸಾಲು ಬಂದರೆ ನನ್ನನ್ನು ಮುಟ್ಟಬೇಡ ಅಂತ. ಲಾಲ್‌ಬಾಗ್ ಅಂದರೆ ಖುಷಿ, ಅಲ್ಲಿನ ಬಂಡೆ ಮೇಲೆ ಓಡಿದ್ದು ಅವನಿಗೆ ನೆನಪಿದೆ. ಹೊಸ ಥೆರಪಿಸ್ಟ್ ಆ ನೋಟ್‌ಬುಕ್ ನೋಡಿ, ಬಿಡಿಸೋದಲ್ಲ, ಇದರ ಮೇಲೇ ಕಟ್ಟೋಣ ಅಂದರು. ನಿಮ್ಮ ಮಗನೂ ಟಿವಿ ಜಾಹೀರಾತೋ, ತರಕಾರಿ ಗಾಡಿಯವರ ಕೂಗೋ ಒಪ್ಪಿಸುತ್ತಿದ್ದರೆ ಬರೆದಿಟ್ಟುಕೊಳ್ಳಿ. ಮಾತೇ ಇಲ್ಲದಿದ್ದರೆ ನಿಮ್ಮ ಕೈ ಹಿಡಿದು ಎಲ್ಲಿಗೆ ಎಳೆಯುತ್ತಾನೆ ಅಂತ ಬರೆಯಿರಿ. ಬೇಕಾದ್ದನ್ನು ತೋರಿಸಿ ಕೇಳಲು ಚಿತ್ರದ ಕಾರ್ಡ್ ಕೊಟ್ಟರೆ ಮಾತು ಬರುವುದು ನಿಂತುಹೋಗುತ್ತದೆ ಅಂತ ಹೆದರಿಸುವವರಿದ್ದಾರೆ, ಹಾಗೇನೂ ಆಗುವುದಿಲ್ಲ.

2020ರ ಮಾರ್ಚ್‌ನಲ್ಲಿ ಮೆಟ್ರೋ ನಿಂತಿತು. ಸೆಪ್ಟೆಂಬರ್‌ವರೆಗೆ ಇಲ್ಲ. ಮಗ ಮಹಡಿ ಮೇಲೆ ನಿಂತು ಖಾಲಿ ಹಳಿ ನೋಡುತ್ತಿದ್ದ. ಕೊನೆಗೆ ಮನೆಯ ಕುರ್ಚಿಗಳನ್ನೆಲ್ಲ ಸಾಲಾಗಿ ಇಟ್ಟು ನಾವೇ ರೈಲು ಬಿಟ್ಟೆವು. ಅತ್ತೆ ಕಾಯಂ ಪ್ರಯಾಣಿಕರು. ನಾಗಸಂದ್ರದವರೆಗೆ 24 ಸ್ಟೇಷನ್, ನಡುವೆ ಏಳುವ ಹಾಗಿಲ್ಲ. ಹುರುಳಿಕಾಯಿ ಸೋಸುವುದೂ ಆ ರೈಲಿನಲ್ಲೇ ಆಗುತ್ತಿತ್ತು.

ಮಗಳದು ಬೇರೆ ಕತೆ. ಬೇಗ ಮಾತಾಡಿದಳು, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಹಾಗಾಗಿ ಐದು ವರ್ಷದವರೆಗೆ ನಮಗೆ ಅನುಮಾನವೇ ಬರಲಿಲ್ಲ. ಮೊದಲ ಮಗುವಿಗೆ ಇದ್ದರೆ ಮುಂದಿನ ಮಗುವಿಗೂ ಇರುವ ಸಾಧ್ಯತೆ ಸುಮಾರು 20% ಅಂತ ನಮಗೆ ಆಮೇಲೆ ಗೊತ್ತಾಗಿದ್ದು. ಹೆಣ್ಣುಮಕ್ಕಳು ಬೇರೆ ಮಕ್ಕಳನ್ನು ನೋಡಿಕೊಂಡು ಅವರ ಹಾಗೇ ನಡೆದುಕೊಂಡುಬಿಡುವುದು ಜಾಸ್ತಿ, ಅದಕ್ಕೇ ಪತ್ತೆಯಾಗುವುದು ತಡ. ಎಲ್‌ಕೆಜಿ ಮಿಸ್ "ನಿಮ್ಮ ಹುಡುಗಿ ತುಂಬಾ ಸೈಲೆಂಟ್" ಅಂತ ಹೊಗಳುತ್ತಿದ್ದರು. ಮನೆಗೆ ಬಂದು ಶೂ ಬಿಚ್ಚುವಷ್ಟರಲ್ಲಿ ಕುಸಿದು ಎರಡು ಗಂಟೆ ಅಳುತ್ತಿದ್ದಳು. ನನ್ನನ್ನು ಕಂಡರೇ ಆಗುವುದಿಲ್ಲವೇನೋ ಅಂದುಕೊಂಡಿದ್ದೆ. ಇಡೀ ದಿನ ಹಿಡಿದಿಟ್ಟುಕೊಂಡದ್ದನ್ನು ಬಿಡುವುದಕ್ಕೆ ಅವಳಿಗೆ ಇದ್ದ ಜಾಗವೇ ನಾನು. ಈಗ ಬಂದ ಕೂಡಲೇ ಎರಡು ರಜಾಯಿ ಹೊದಿಸಿ, ಒಂದು ಮಾತೂ ಆಡದೆ ಅರ್ಧ ಗಂಟೆ ಬಿಡುತ್ತೇನೆ. ಎದ್ದು ಬಂದು ಚಕ್ಕುಲಿ ಕೇಳುತ್ತಾಳೆ. ಮುರಿದಿದ್ದರೆ ಮುಟ್ಟುವುದಿಲ್ಲ. ಮನೆಯ ಮುರಿದ ಚಕ್ಕುಲಿಯೆಲ್ಲ ತಿಂದು ನಾನು ನಾಲ್ಕು ಕೆಜಿ ಹೆಚ್ಚಾಗಿದ್ದೇನೆ.

ಹೆದರಿದ ದಿನವನ್ನೂ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ, ನೀರಿನ ಕ್ಯಾನ್ ತರುವವನು ಬಂದಾಗ ಬಾಗಿಲು ತೆರೆದಿತ್ತು. ಕ್ಯಾನ್ ಒಳಗಿಡಿಸಿ ತಿರುಗಿದರೆ ಮಗ ಇಲ್ಲ. ನಲವತ್ತು ನಿಮಿಷ ಚಪ್ಪಲಿ ಇಲ್ಲದೆ ಕನಕಪುರ ರಸ್ತೆಯಲ್ಲಿ ಓಡಿದೆ. ಸ್ಟೇಷನ್ನಿನಲ್ಲಿ ಸೆಕ್ಯುರಿಟಿಯವರು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. "ಹೆಸರು ಕೇಳಿದ್ರೆ ಎಲ್ಲಾ ಸ್ಟೇಷನ್ ಹೆಸರು ಹೇಳ್ತಾನಮ್ಮ, ಅವನದ್ದು ಮಾತ್ರ ಹೇಳ್ತಿಲ್ಲ" ಅಂದರು. ಆಟಿಸಂ ಇರುವ ಎಷ್ಟೋ ಮಕ್ಕಳು ಹೀಗೆ ಹೊರಟುಬಿಡುತ್ತಾರೆ. ಬಾಗಿಲ ಮೇಲ್ಗಡೆ, ಕೈಗೆಟುಕದ ಹಾಗೆ ಒಂದು ಚಿಲಕ ಹಾಕಿಸಿ. ಇವತ್ತೇ ಹಾಕಿಸಿ. ಕೊರಳಿಗೆ ಬಿಲ್ಲೆ ಕಟ್ಟಿದರೆ ಕಿತ್ತುಹಾಕುತ್ತಾನೆ ಅಂದರೆ ಫೋನ್ ನಂಬರನ್ನು ಅಂಗಿಯ ಒಳಗಡೆ ಬರೆಯಿರಿ.

ಕಾಗದಪತ್ರದ್ದು ಬೇಗ ಮುಗಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಒಂದು. ಪರೀಕ್ಷೆ ಮಾಡಿ ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಬರೆದುಕೊಡುತ್ತಾರೆ, ಅದರ ಮೇಲೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. 40% ಅಥವಾ ಹೆಚ್ಚು ಇದ್ದರೆ ಹಳೇ ತೆರಿಗೆ ಪದ್ಧತಿಯಲ್ಲಿ ತೆರಿಗೆ ಹಾಕುವ ಆದಾಯದಿಂದ 75,000 ರೂಪಾಯಿ ಕಡಿತ, 80% ಅಥವಾ ಹೆಚ್ಚಾದರೆ 1,25,000. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷದವರೆಗೆ ಇದೆ. ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಇದೆ. ನನ್ನ ಮಗ ಇಷ್ಟು ಪರ್ಸೆಂಟ್ ಅಂತ ಬರೆದದ್ದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮಾರನೆಯ ದಿನ ಹೋಗಿ ಲ್ಯಾಮಿನೇಷನ್ ಮಾಡಿಸಿದೆ.

ವಾಸಿ ಮಾಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಸ್ಟೆಮ್ ಸೆಲ್ ಚಿಕಿತ್ಸೆಗೆ ಒಡವೆ ಮಾರಿದವರನ್ನು ನಾನು ಕಂಡಿದ್ದೇನೆ. ಆಟಿಸಂಗೆ ಅದು ಬೇಡ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಲಸಿಕೆಯಿಂದ ಬಂತು ಅನ್ನುವವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಆ ಗಾಳಿಮಾತಿನ ಮೂಲವಾದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯವರೇ 2010ರಲ್ಲಿ ಹಿಂತೆಗೆದುಕೊಂಡರು. ನೀವು ಕೆಲಸಕ್ಕೆ ಹೋಗಿದ್ದರಿಂದ ಬಂದದ್ದೂ ಅಲ್ಲ.

2024ರ ಜುಲೈನಲ್ಲಿ ಅಪರ್ಣಾ ಅವರು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂತು. ನಾನು ಅವರನ್ನು ಎದುರಿಗೆ ನೋಡಿದವಳಲ್ಲ. ಆದರೂ ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ. ನನ್ನ ಮಗನಿಗೆ ಮಾತು ಕೊಟ್ಟ ಮೇಡಂ ಅವರು, ಅದು ಅವರಿಗೆ ಗೊತ್ತಾಗಲೇ ಇಲ್ಲ. ಮಗನಿಗೆ ಹೇಳಲಿಲ್ಲ. ಆ ಭಾನುವಾರವೂ ರೈಲಿನಲ್ಲಿ ಅವರ ದನಿಯೇ ಇತ್ತು.

ಮೊನ್ನೆ ಮಗ ಅಜ್ಜಿಯ ಜೊತೆ ಮಲ್ಲೇಶ್ವರಕ್ಕೆ ಹೋಗಿದ್ದ. ವಾಪಸ್ ಬರುವಾಗ ಜೆ.ಪಿ. ನಗರ ದಾಟಿದ ಮೇಲೆ ಅಜ್ಜಿಯ ಕೈ ಅಲ್ಲಾಡಿಸಿ, "ಮುಂದಿನ ನಿಲ್ದಾಣ ನಮ್ದು, ಅಜ್ಜಿ" ಅಂದನಂತೆ. ಮೊದಲೆರಡು ಪದ ಅಪರ್ಣಾ ಅವರ ದನಿಯಲ್ಲಿ. "ನಮ್ದು" ಅನ್ನುವುದು ಯಾವ ಘೋಷಣೆಯಲ್ಲೂ ಇಲ್ಲ, ಅದು ನಮ್ಮತ್ತೆಯ ಮಾತು. ಇಳಿದವನು ಮನೆ ಕಡೆ ಮಾತ್ರ ಹೆಜ್ಜೆ ಹಾಕಲಿಲ್ಲ. ಸೆರಗು ಹಿಡಿದು ಎದುರು ಪ್ಲಾಟ್‌ಫಾರಂಗೆ ಎಳೆದುಕೊಂಡು ಹೋದ. ಇಬ್ಬರೂ ಮಾದಾವರದವರೆಗೆ ಇನ್ನೊಂದು ಸುತ್ತು ಹೋಗಿ ಬಂದರು. ಅತ್ತೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಊಟಕ್ಕೆ ಕೂರುವಾಗ ಒಂಬತ್ತೂವರೆ.