ಯಂತ್ರ ಬದಲಾದರೂ ಗುರುತು ಉಳಿಯಬೇಕಾದಾಗ

ಪ್ರಶ್ನೆ: ನಮ್ಮ ಸಹಕಾರ ಸಂಘದ ಲೆಕ್ಕಪತ್ರದ ತಂತ್ರಾಂಶವು ವರ್ಚುವಲ್‌ಬಾಕ್ಸ್‌ನಲ್ಲಿರುವ ವಿಂಡೋಸ್ ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ರಚಿಸಿದ ಕಂಪ್ಯೂಟರಿನಲ್ಲಿ) ಹಲವು ವರ್ಷಗಳಿಂದ ನಡೆಯುತ್ತಿದೆ. ಅದೇ ಡಿಸ್ಕನ್ನು ಲಿನಕ್ಸ್ ಸರ್ವರ್‌ನಲ್ಲಿರುವ ಇಂಥದ್ದೇ ವ್ಯವಸ್ಥೆಯಾದ ಕೆವಿಎಂಗೆ ಸಾಗಿಸಿದಾಗ, ‘ಇದು ಬೇರೆ ಕಂಪ್ಯೂಟರ್’ ಎಂದು ಹೇಳಿ ತಂತ್ರಾಂಶ ತೆರೆದುಕೊಳ್ಳುತ್ತಿಲ್ಲ. ಪರವಾನಗಿ ಒಂದೇ ಯಂತ್ರಕ್ಕೆ ಸೀಮಿತವಾಗಿದ್ದರೂ ಸ್ಥಳಾಂತರಕ್ಕೆ ತಯಾರಕರ ಒಪ್ಪಿಗೆಯಿದೆ. ಹಳೆಯ ಯಂತ್ರದ ಗುರುತನ್ನೇ ಹೊಸದಕ್ಕೆ ಕೊಡಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಕೊಡಬಹುದು. ಆದರೆ ಹಳೆಯ ವರ್ಚುವಲ್ ಯಂತ್ರವನ್ನು ಅಳಿಸುವ ಮೊದಲು ಅದನ್ನೊಮ್ಮೆ ಚಾಲೂ ಮಾಡಿ, ಅದರ ಗುರುತುಗಳನ್ನು ವಿಂಡೋಸ್‌ನ ಒಳಗಿನಿಂದಲೇ ಓದಿ ಬರೆದಿಟ್ಟುಕೊಳ್ಳಿ.

ಕಂಪ್ಯೂಟರಿನ ತಯಾರಕರು, ಮಾದರಿ, ಕ್ರಮಸಂಖ್ಯೆ, ಯುಯುಐಡಿ (ಪ್ರತಿ ಯಂತ್ರಕ್ಕೂ ವಿಶಿಷ್ಟವಾದ ಉದ್ದನೆಯ ಗುರುತುಸಂಖ್ಯೆ) ಮೊದಲಾದ ವಿವರಗಳನ್ನು ಫರ್ಮ್‌ವೇರ್, ಅಂದರೆ ಯಂತ್ರವನ್ನು ಆರಂಭಿಸುವ ಮೂಲ ತಂತ್ರಾಂಶ, ‘ಎಸ್‌ಎಂಬಯಾಸ್’ ಎಂಬ ಕೋಷ್ಟಕದಲ್ಲಿ ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುತ್ತದೆ. ವರ್ಚುವಲ್ ಯಂತ್ರದಲ್ಲಿ ಈ ಕೋಷ್ಟಕವನ್ನು ಹೈಪರ್‌ವೈಸರ್ (ವರ್ಚುವಲ್ ಯಂತ್ರವನ್ನು ನಡೆಸುವ ತಂತ್ರಾಂಶ) ತುಂಬುವುದರಿಂದ, ಹೈಪರ್‌ವೈಸರ್ ಬದಲಾದೊಡನೆ ಗುರುತೂ ಬದಲಾಗುತ್ತದೆ. ವರ್ಚುವಲ್‌ಬಾಕ್ಸ್ ತನ್ನ ತಯಾರಕರ ಹೆಸರನ್ನು ಇಂದಿಗೂ ‘ಇನೊಟೆಕ್’ ಎಂದೇ ತೋರಿಸುತ್ತದೆ. 2008ರಲ್ಲಿ ಸನ್ ಕಂಪನಿಯ ವಶವಾದ ಆ ಜರ್ಮನ್ ಸಂಸ್ಥೆಯ ಹೆಸರು ಫರ್ಮ್‌ವೇರ್‌ನಲ್ಲಿ ಹಾಗೆಯೇ ಉಳಿದಿದೆ. ಕೆವಿಎಂನಲ್ಲಿ ಅದೇ ಜಾಗದಲ್ಲಿ ಸಾಮಾನ್ಯವಾಗಿ ‘ಕ್ಯೂಎಂಯು’ ಎಂದಿರುತ್ತದೆ.

ಕೆವಿಎಂ ಯಂತ್ರಗಳನ್ನು ನಿರ್ವಹಿಸಲು ಲಿಬ್‌ವರ್ಟ್ ಎಂಬ ತಂತ್ರಾಂಶವನ್ನು ಬಳಸುತ್ತಿದ್ದರೆ, ಯಂತ್ರದ ವಿವರಗಳಿರುವ ಎಕ್ಸ್‌ಎಂಎಲ್ ಕಡತದ ‘ಓಎಸ್’ ಭಾಗದಲ್ಲಿ ಎಸ್‌ಎಂಬಯಾಸ್‌ನ ಮೋಡ್ ‘ಸಿಸ್‌ಇನ್ಫೋ’ ಎಂದು ನಮೂದಿಸಿ, ‘ಸಿಸ್‌ಇನ್ಫೋ’ ಎಂಬ ಪ್ರತ್ಯೇಕ ಭಾಗದಲ್ಲಿ ಬರೆದಿಟ್ಟುಕೊಂಡ ವಿವರಗಳನ್ನು ತುಂಬಿರಿ. ಅಲ್ಲಿ ಕೊಡುವ ಯುಯುಐಡಿಯು ಯಂತ್ರದ ಸ್ವಂತ ಯುಯುಐಡಿಯೊಂದಿಗೆ ಹೊಂದಲೇಬೇಕಾದ್ದರಿಂದ, ಈಗಾಗಲೇ ರಚಿಸಿರುವ ಯಂತ್ರವನ್ನು ತಿದ್ದುವ ಬದಲು ಹಳೆಯ ಯುಯುಐಡಿಯೊಂದಿಗೆ ಹೊಸದಾಗಿ ರಚಿಸುವುದೇ ಸರಿ.

ಹೆಚ್ಚಿನವರು ಎಡವುವುದು ಈ ಯುಯುಐಡಿಯಲ್ಲೇ. ಅದರ ಮೊದಲ ಮೂರು ಗುಂಪುಗಳ ಬೈಟ್‌ಗಳನ್ನು ಯಾವ ಕ್ರಮದಲ್ಲಿ ಬರೆಯಬೇಕೆಂಬುದು ಎಸ್‌ಎಂಬಯಾಸ್ 2.6ನೇ ಆವೃತ್ತಿಯಲ್ಲಿ ಸ್ಪಷ್ಟವಾಯಿತು; ಅದನ್ನು ಪಾಲಿಸದ ಕಡೆ 12345678 ಎಂಬ ಗುಂಪು 78563412 ಎಂದು ತಿರುವುಮುರುವಾಗಿ ಕಾಣುತ್ತದೆ. ಹಳೆಯ ವರ್ಚುವಲ್‌ಬಾಕ್ಸ್‌ನಲ್ಲಿ ರಚಿಸಿದ ಯಂತ್ರಗಳಲ್ಲಿ ಹೀಗಾಗುವುದುಂಟು. ವರ್ಚುವಲ್‌ಬಾಕ್ಸ್‌ನ ಪಟ್ಟಿಯಿಂದ ಯುಯುಐಡಿಯನ್ನು ನಕಲಿಸಬಾರದೆಂದು, ವಿಂಡೋಸ್ ತೋರಿಸಿದ್ದನ್ನೇ ಬಳಸಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಹೊಸ ಯಂತ್ರವನ್ನು ಚಾಲೂ ಮಾಡಿದ ಮೇಲೆ ಗುರುತುಗಳನ್ನು ವಿಂಡೋಸ್‌ನ ಒಳಗಿನಿಂದ ಮೊದಲಿನ ರೀತಿಯಲ್ಲೇ ಮತ್ತೆ ಓದಿ, ಎರಡನ್ನೂ ಅಕ್ಷರಶಃ ಹೋಲಿಸಿ ನೋಡಿ.

ಅಷ್ಟಾದರೂ ತಂತ್ರಾಂಶ ಒಪ್ಪದಿದ್ದರೆ, ಅದು ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ವಿಳಾಸವನ್ನೋ ಡಿಸ್ಕಿನ ಕ್ರಮಸಂಖ್ಯೆಯನ್ನೋ ಪರೀಕ್ಷಿಸುತ್ತಿರಬಹುದು. ವರ್ಚುವಲ್‌ಬಾಕ್ಸ್ ತಾನಾಗಿ ಕೊಡುವ ಮ್ಯಾಕ್ ವಿಳಾಸ 08:00:27ರಿಂದಲೂ ಕೆವಿಎಂನದು 52:54:00ರಿಂದಲೂ ಆರಂಭವಾಗುತ್ತದೆ. ಮ್ಯಾಕ್ ವಿಳಾಸ, ಡಿಸ್ಕಿನ ಕ್ರಮಸಂಖ್ಯೆ ಎರಡನ್ನೂ ಅದೇ ಎಕ್ಸ್‌ಎಂಎಲ್ ಕಡತದಲ್ಲಿ ಹಳೆಯದರಂತೆ ನಿಗದಿಪಡಿಸಬಹುದು. ಹಳೆಯ ಯಂತ್ರ ಬಯಾಸ್ ಎಂಬ ಹಳೆಯ ಬಗೆಯ ಫರ್ಮ್‌ವೇರ್ ಮೂಲಕ ಆರಂಭವಾಗುತ್ತಿದ್ದರೆ ಹೊಸದರಲ್ಲಿಯೂ ಅದೇ ಬಗೆಯ ಸೀಬಯಾಸ್ ಅನ್ನೇ ಆಯ್ದುಕೊಳ್ಳಿ. ಹೊಸ ಬಗೆಯ ಯುಇಎಫ್‌ಐ ಆಯ್ದುಕೊಂಡರೆ ಆ ಡಿಸ್ಕಿನಿಂದ ವಿಂಡೋಸ್ ಆರಂಭವಾಗದು.

ಒಂದೇ ಗುರುತಿನ ಎರಡು ಯಂತ್ರಗಳನ್ನು ಏಕಕಾಲದಲ್ಲಿ ಮಾತ್ರ ನಡೆಸಬೇಡಿ: ಅದು ನಿಮ್ಮ ಪರವಾನಗಿಯ ಉಲ್ಲಂಘನೆಯಾಗುತ್ತದೆ, ಜೊತೆಗೆ ಒಂದೇ ಮ್ಯಾಕ್ ವಿಳಾಸ ಎರಡು ಕಡೆ ಇದ್ದರೆ ಕಚೇರಿಯ ನೆಟ್‌ವರ್ಕ್ ಕೂಡ ತೊಂದರೆಗೊಳಗಾಗುತ್ತದೆ. ಲೆಕ್ಕವೆಲ್ಲ ಸರಿಯಾಗಿ ತೆರೆದುಕೊಳ್ಳುವವರೆಗೆ ಹಳೆಯ ಯಂತ್ರವನ್ನು ಅಳಿಸದೆ, ಆಫ್ ಮಾಡಿ ಇಟ್ಟುಕೊಂಡಿರಿ.