ಇನ್ನೂ ಐನೂರು ಅಡಿ ಇಳಿಸಬೇಡಿ

ಕೋಲಾರ, ಚಿಕ್ಕಬಳ್ಳಾಪುರದ ಓದುಗರು ತಿರುಗಿಸಿ ಮುರುಗಿಸಿ ಕೇಳುವುದು ಒಂದೇ ಪ್ರಶ್ನೆ. ಅದನ್ನು ಇವತ್ತೇ ಮುಗಿಸಿಬಿಡೋಣ.

ಪ್ರಶ್ನೆ: 1,200 ಅಡಿಯ ಎರಡು ಬೋರ್‌ವೆಲ್ ಬತ್ತಿವೆ. 1,700 ಅಡಿಗೆ ಎರಡು ಇಂಚು ನೀರು ಖಚಿತ ಎಂದು ನೀರಿನ ಪಾಯಿಂಟ್ ನೋಡಿದವರು ಹೇಳಿದ್ದಾರೆ. ಕೊರೆಸಲೇ?

ಬೇಡ. ಅಂಗೈಯ ತೆಂಗಿನಕಾಯಿ ಎದ್ದು ನಿಂತಿತೆಂದು ಅಡಿ ಲೆಕ್ಕ ಹೇಳುವವರಿಗೆ ಒಂದು ಷರತ್ತು ಹಾಕಿ: ನೀರು ಬರದಿದ್ದರೆ ರಿಗ್ ಲಾರಿಯ ಬಿಲ್ಲಿನಲ್ಲಿ ಅರ್ಧ ಅವರದು. ಅವರು ಮತ್ತೆ ನಿಮ್ಮ ಫೋನ್ ಎತ್ತುವುದಿಲ್ಲ.

ನಿಮ್ಮ ನೆಲದಡಿ ಯಾವ ಹೊಳೆಯೂ ಹರಿಯುತ್ತಿಲ್ಲ. ಇರುವುದು ಗ್ರಾನೈಟ್ ಮತ್ತು ನೈಸ್ (gneiss) ಎಂಬ ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಇಳಿದಂತೆ ಬಿರುಕು ಸಾಮಾನ್ಯವಾಗಿ ವಿರಳ. ಅಲ್ಲಿ ಸಿಕ್ಕರೂ ಅದು ಎಷ್ಟೋ ಕಾಲದಿಂದ ಇಂಗಿದ ಮಳೆ. ಎತ್ತಿದಷ್ಟು ಬೇಗ ತುಂಬುವುದಿಲ್ಲ. ಜತೆಗೆ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಮಕ್ಕಳಿಗೆ ಕುಡಿಸಬೇಡಿ. ಅಷ್ಟೂ ಮೀರಿ ನೀರು ಚಿಮ್ಮಿತು ಎನ್ನೋಣ, ಅದು ಪಕ್ಕದ ತೋಟದ ಬೋರ್‌ನಿಂದ ಕಿತ್ತುಕೊಂಡದ್ದೂ ಇರಬಹುದು. 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕೊರೆಸುವಂತಿಲ್ಲ ಎಂಬುದನ್ನು ರಿಗ್‌ನವರು ನೆನಪಿಸುವುದಿಲ್ಲ.

ಆ ದುಡ್ಡು ಕೈಯಲ್ಲಿರುವಾಗಲೇ ಊರ ಕೆರೆಯ ಕಡೆ ಹೋಗಿ ಬನ್ನಿ. ಕೋಡಿ ಬಿದ್ದು ಎಷ್ಟು ವರ್ಷವಾಯಿತು? ಗ್ರಾಮ ನಕ್ಷೆ ಹಿಡಿದು, ಕೆರೆಗೆ ಮಳೆನೀರು ತರುವ ಕಾಲುವೆಯ ಗುಂಟ ಮೇಲಕ್ಕೆ ನಡೆಯಿರಿ. ಒಂದು ಕಡೆ ಉತ್ತು ಹೊಲಕ್ಕೆ ಸೇರಿಸಿಕೊಂಡಿರುತ್ತಾರೆ, ಇನ್ನೊಂದು ಕಡೆ ಬಡಾವಣೆಯ ರಸ್ತೆಗೆ ಮಣ್ಣು ತುಂಬಿ ಒಂದು ಅಡಿ ಅಗಲದ ಪೈಪ್ ಹಾಕಿರುತ್ತಾರೆ. ಜಡಿಮಳೆಯ ನೀರು ಆ ಪೈಪಿನಲ್ಲಿ ಎಷ್ಟು ಹೋದೀತು? ಹೂಳೆತ್ತಿ ಫೋಟೊ ತೆಗೆಸಿಕೊಂಡವರು ಇತ್ತ ತಲೆ ಹಾಕುವುದಿಲ್ಲ. ನೀರೇ ಬರದ ಕೆರೆಯ ಹೂಳೆತ್ತಿ ಏನು ಪ್ರಯೋಜನ? ಅಳತೆ ಮಾಡಿಸಿ ಒತ್ತುವರಿ ತೆರವು ಮಾಡುವಂತೆ ತಹಶೀಲ್ದಾರರಿಗೆ ಅರ್ಜಿ ಕೊಡಿ; ಒಬ್ಬರೇ ಬೇಡ, ಅಚ್ಚುಕಟ್ಟಿನ ರೈತರೆಲ್ಲ ಸೇರಿ. ಕಾಲುವೆ ಒತ್ತಿದವರು ನಿಮ್ಮ ನೆಂಟರೇ ಆಗಿದ್ದರೆ ನನಗೆ ಪತ್ರ ಬರೆಯಬೇಡಿ.

ಪ್ರಶ್ನೆ: ಹೇಗೂ ಎತ್ತಿನಹೊಳೆ ಬರುತ್ತದಲ್ಲ?

ಪಶ್ಚಿಮ ಘಟ್ಟದ ನೀರನ್ನು ಇತ್ತ ತರುವ 24 ಟಿಎಂಸಿಯ ಆ ಯೋಜನೆಯಲ್ಲಿ ಸುಮಾರು 14 ಕುಡಿಯುವುದಕ್ಕೆ, ಉಳಿದದ್ದು ಕೆರೆಗಳಿಗೆ. ನಿಮ್ಮ ಟೊಮೆಟೊಗೆ ನೇರ ಪಾಲಿಲ್ಲ.

ಪ್ರಶ್ನೆ: ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಗೆ ಮೋಟಾರು ಇಡಬಹುದೇ?

ಇಡಬೇಡಿ. 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು ಅಲ್ಲಿಗೆ ಬಿಡುತ್ತಿರುವುದು ಅಂತರ್ಜಲ ತುಂಬಲೆಂದು. ಅದು ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು. ನಾನಾದರೆ ಆ ಕೆರೆಯ ಪಕ್ಕದ ಬೋರ್ ನೀರನ್ನೂ ಪರೀಕ್ಷೆ ಮಾಡಿಸದೆ ಕುಡಿಯುವುದಿಲ್ಲ.